ಗುರುವಾರದ ತನಕ

ಪಣಜಿಯಿಂದ ಬಂದ ಬಾಯಿಯವರು
ಒಂದು ಕಟ್ಟು ಫಾರ್ಮು ಕೊಟ್ಟು ಹೋದರು.
ಮೊದಲ ಪ್ರಶ್ನೆ:
ಐದು ವರ್ಷದ ನಂತರ ನೀನು ಎಲ್ಲಿರುತ್ತೀ?

ಝುವಾರಿನಗರದ ಗುಡ್ಡ. ಮುಚ್ಚಿಹೋದ ರೇಷನ್ ಅಂಗಡಿ.
ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಬಂದವರು
ಆರು ಹುಡುಗರು, ಒಬ್ಬ ಹುಡುಗಿ, ನಾನು.
ನಾನೇನು ಮಾಸ್ತರನಲ್ಲ.
ಹನ್ನೆರಡು ವರ್ಷ ಬಾರ್ಜಿನಲ್ಲಿ ಅದಿರು ಸಾಗಿಸಿದವ.
ಗಣಿ ನಿಂತಿತು, ಬಾರ್ಜು ತುಕ್ಕು ತಿಂದಿತು,
ಭಾನುವಾರಗಳು ಉಳಿದವು.

ಪ್ರಶ್ನೆ ಓದಿದೆ. ಯಾರೂ ಪೆನ್ನು ಮುಟ್ಟಲಿಲ್ಲ.
ದಾವಲ ಅಂದ:
'ಕಾಕಾ, ಐದು ವರ್ಷ ಆದಮ್ಯಾಲ
ಈ ಗುಡ್ಡದ ಮ್ಯಾಲ ನಮ್ಮ ಮನಿ ಇರತೈತೇನು,
ಅದನ್ನ ಮೊದಲ ಹೇಳ್ರಿ.'
ಹೋದ ಬೇಸಿಗೆ ಜೇಸಿಬಿ ಬಂದು
ದಿನವಿಡೀ ಗುರುಗುಡುತ್ತ ನಿಂತದ್ದನ್ನು
ಅವರು ಮರೆತಿಲ್ಲ. ನಾನೂ.

ಹುಲಗಪ್ಪ ಬಾಗಿಲಲ್ಲೇ ಕೂತಿದ್ದ.
ಹದಿನೈದು ವರ್ಷ, ಎರಡು ಸಲ ಠಾಣೆ:
ಸ್ಕೂಟರಿನ ಪೆಟ್ರೋಲು, ಆಮೇಲೆ ಯಾರದೋ ಮೊಬೈಲು.
ಕಲ್ಲು ಹಿಡಿದರೆ ಮಾತ್ರ ಕೈ ತಪ್ಪುವುದಿಲ್ಲ.
ಮೆಟ್ಟಿಲ ಬಳಿಯ ಕಂಬದ ದೀಪ ಒಡೆದವನು ಯಾರೆಂದು
ಗುಡ್ಡಕ್ಕೆಲ್ಲ ಗೊತ್ತು.
'ಗುರಿ ಬರೀ ಅಂತೀರಿ.
ನನ್ನ ಗುರಿ ನೋಡೀರಲ್ಲ?'
ಎಲ್ಲರೂ ನಕ್ಕರು. ತಡೆಯಲಾಗದೆ ನಾನೂ.

ಮಂಜು ಕವಿದ ರಾತ್ರಿ ನಮ್ಮ ತಾಂಡೇಲ
ಬಂದರು ಎಲ್ಲಿದೆ ಎಂದು ಹುಡುಕುತ್ತಿರಲಿಲ್ಲ,
ಮುಂದೆ ತೇಲುವ ಒಂದು ದೀಪ,
ಅದು ದಾಟಿದ ಮೇಲೆ ಇನ್ನೊಂದು.
ಇದನ್ನೆಲ್ಲ ಹೇಳಹೋಗಲಿಲ್ಲ.
ಫಾರ್ಮು ಮಗುಚಿದೆ, ಹಿಂಬದಿ ಬಿಳಿ ಇತ್ತು:
'ಐದು ವರ್ಷ ಬ್ಯಾಡ.
ಗುರುವಾರದ ತನಕ ಹೇಳ್ರೋ.'

ಗುರುವಾರ ಗುಡ್ಡಕ್ಕೆ ಟ್ಯಾಂಕರ್ ಬರುವ ದಿನ.

ಸೋಮ್ಲಾ ಬರೆದ: ಗುಟ್ಕಾ ಒಂಬತ್ತರಿಂದ ಆರಕ್ಕೆ.
ದಾವಲ: ಆಧಾರಿನಲ್ಲಿ ತಂಗಿಯ ಹೆಸರು ತಪ್ಪಿದೆ, ತಿದ್ದಿಸಬೇಕು.
ಕೆಂಚವ್ವ: ಒಂದು ಅಳತೆ ಟೇಪು ಕೊಳ್ಳಬೇಕು.
ಯಾಕೆಂದು ಬರೆಯಲಿಲ್ಲ.
ಪರಸು ಒಂದೇ ಮಾತು ಬರೆದ: ದುಡ್ಡು.
ಹುಲಗಪ್ಪ ಖಾಲಿ ಹಾಳೆ ಮಡಚಿ ಜೇಬಿಗಿಟ್ಟ.

ಮಂಗಳವಾರ ರಾತ್ರಿ ಆ ಮೆಟ್ಟಿಲಲ್ಲೇ
ಯಮನವ್ವ ಬಿದ್ದಳು.
ಹೋಟೆಲಿನ ಪಾತ್ರೆ ತಿಕ್ಕಿ ಕತ್ತಲಲ್ಲಿ ಬರುತ್ತಿದ್ದ ಮುದುಕಿ,
ಮೊಣಕಾಲು ಬಾತು ಕುಂಬಳಕಾಯಿ.
ರಿಕ್ಷಾ ಮೇಲೆ ಬರುವುದಿಲ್ಲ. ಬೆನ್ನ ಮೇಲೆ ಹೊತ್ತು
ರಸ್ತೆಗೆ ಇಳಿಸಿದವನು ಹುಲಗಪ್ಪ.
ಇನ್ನೂರ ಹತ್ತು ಮೆಟ್ಟಿಲು,
ಮೆಟ್ಟಿಲಿಗೊಂದು ಶಾಪ:
'ದೀಪಾ ಒಡದವನ ಕೈಯಾಗ ಹುಳಾ ಬೀಳ್ಲಿ!'
ಅವನು 'ಹೂಂ ಆಯಿ' ಅನ್ನುತ್ತಲೇ ಇಳಿದನಂತೆ.
ಕೊನೆಗೆ ಅವಳೇ ಕೇಳಿದಳಂತೆ,
'ಯಾಕೋ ತಮ್ಮಾ, ಬೆವತೀಯಲ್ಲ.'

ಮರುದಿನ ವಿದ್ಯುತ್ ಕಚೇರಿಯಲ್ಲಿ
ಅರ್ಜಿ ತಾ ಅಂದರು. ಕೆಂಚವ್ವ ಮರಾಠಿಯಲ್ಲಿ ಬರೆದಳು.
ಕಂಬದ ನಂಬರು ಎಲ್ಲಿ ಅಂದರು. ಓಡಿ ಹೋಗಿ ನೋಡಿ ಬಂದ.
ಸಾಹೇಬರು ಊಟಕ್ಕೆ ಹೋಗಿದ್ದರು.

ಗುರುವಾರ ದೀಪ ಬರಲಿಲ್ಲ.
ಕತ್ತಲಾದ ಮೇಲೆ ನಾನು ಮೆಟ್ಟಿಲಿಳಿದಾಗ
ಕಂಬಕ್ಕೊರಗಿ ಹುಲಗಪ್ಪ, ಕೈಯಲ್ಲಿ ಟಾರ್ಚು.
ಶಿಫ್ಟು ಮುಗಿಸಿ ಬರುವವರ ಕಾಲಬುಡಕ್ಕೆ
ಬೆಳಕು ಹಾಕುತ್ತಿದ್ದ, ಮುಖಕ್ಕೆ ಬೀಳದ ಹಾಗೆ.
ನಾನೂ ಮಾತಾಡದೆ ದಾಟಿದೆ.

ಹದಿನೆಂಟು ದಿನಕ್ಕೆ ಲೈನ್‌ಮನ್ ಬಂದ.
ಹೊಸ ಬಲ್ಬು ಹೊತ್ತಿದಾಗ ಹುಲಗಪ್ಪ
ಚಟ ನೋಡಿ, ಒಂದು ಕಣ್ಣು ಕಿರಿದು ಮಾಡಿ ಅಳೆದ,
ನಾನು ಕಂಡೆನೆಂದು ತಿಳಿದು
ಕಣ್ಣುಜ್ಜಿಕೊಂಡ.

ಪರಸು ಮತ್ತೆ ಬರಲಿಲ್ಲ.
ಕಲಂಗುಟಿನಲ್ಲಿ ಯಾರಿಗೋ ಪೊಟ್ಟಣ ಮುಟ್ಟಿಸುತ್ತಾನಂತೆ,
ಹೊಸ ಬೂಟಂತೆ.
ಎರಡು ಸಲ ಹುಡುಕಿ ಹೋದೆ. ಬೀಚೆಲ್ಲ ಬೂಟುಗಳೇ.
ಅವನ ಹಾಳೆ ನನ್ನ ಟ್ರಂಕಿನಲ್ಲಿದೆ.

ಟ್ಯಾಂಕರ್ ಬಂದ ದಿನ ಅವನ ಅವ್ವ
ಕೆಲಸ ಮುಗಿಸಿ ಗುಡ್ಡ ಹತ್ತಿ ಬರುವಷ್ಟರಲ್ಲಿ
ಬಾಗಿಲಲ್ಲಿ ಎರಡು ಕೊಡ ತುಂಬಿರುತ್ತವೆ.
ಯಾರು ತುಂಬುತ್ತಾರೆಂದು
ನಾನು ಕೇಳಿಲ್ಲ.